ಸೋಸಿದ ನೀರು

ಮಂಜೀರಾ ನದಿ ಬಸವಲಿಂಗಪ್ಪನ ಅಪ್ಪಣೆಯಿಲ್ಲದೆ ಒಂದು ತಂಬಿಗೆ ನೀರನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಅವನು ಕಿರುಬೆರಳು ಎತ್ತಿದರೆ ನಿಲ್ಲಬೇಕು, ಇಳಿಸಿದರೆ ಹರಿಯಬೇಕು. ಹೋದ ಮಳೆಗಾಲದಲ್ಲಿ ಅವನು ಕಿವಿ ತುರಿಸಿಕೊಳ್ಳಲೆಂದು ಬೆರಳೆತ್ತಿದ್ದೇ ತಡ, ನದಿ ಹರಿಯುತ್ತಿದ್ದಲ್ಲೇ ನಿಂತುಬಿಟ್ಟಿತಂತೆ. ಮೀನುಗಳೆಲ್ಲ ತಲೆಯೆತ್ತಿ, ಏನಾಯಿತು ಏನಾಯಿತು ಎಂದು ಒಂದನ್ನೊಂದು ಕೇಳಿದವಂತೆ.

"ಮೀನು ಕನ್ನಡದಾಗ ಕೇಳಿದ್ವೋ, ತೆಲುಗಿನಾಗೋ?" ಎಂದ ಮೌನಪ್ಪ, ಬಸಿಯಲ್ಲಿ ಚಹಾ ಆರಿಸುತ್ತ.

"ಗಡಿ ಮೀನಲೇ ಅವು. ಎರಡೂ ಬರ್ತಾವು."

ಕುಷಾಯಿಗೂಡದ ಆ ಚಹಾದಂಗಡಿಯಲ್ಲಿ ಅಂದು ಇಡೀ ಹೈದರಾಬಾದೇ ಕೂತು ಕೇಳುತ್ತಿತ್ತು. ಲೆಕ್ಕಕ್ಕೆ ಹಿಡಿದರೆ ಮೌನಪ್ಪ, ಅಂಗಡಿಯ ಮಾಲೀಕ, ಬೆಂಚಿನ ಕೆಳಗೆ ಮಲಗಿದ್ದ ನಾಯಿ. ಮೌನಪ್ಪನೂ ಬಸವಲಿಂಗಪ್ಪನೂ ಹತ್ತಿರದ ದೊಡ್ಡ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ದುಡಿದವರು. ನಿವೃತ್ತನಾದ ಮೇಲೆ ಮೌನಪ್ಪ ಮನೆಯಲ್ಲಿ ಕೂತ. ಬಸವಲಿಂಗಪ್ಪ ಮಾತ್ರ ಹಿಂದಿನ ಬೀದಿಯ ಶೆಡ್ಡೊಂದರಲ್ಲಿ, ಪೈಪಿನೊಳಗೆ ಎಷ್ಟು ನೀರು ಹರಿಯಿತೆಂದು ಅಳೆಯುವ ಮೀಟರುಗಳನ್ನು ತಯಾರಿಸುವ ಕಂಪನಿಗೆ ಸೇರಿಕೊಂಡ. ಅಲ್ಲಿ ಅವನು ಏನು ಮಾಡುತ್ತಿದ್ದನೆಂದು ಯಾರೂ ಕೇಳುವಂತಿರಲಿಲ್ಲ, ಏಕೆಂದರೆ ಕೇಳುವ ಮೊದಲೇ ಅವನು ಹೇಳಿ ಮುಗಿಸಿರುತ್ತಿದ್ದ. ಕಂಪನಿಯನ್ನು ನಡೆಸುವವನೇ ಅವನು. ಸಕ್ಕರೆ ಕಾರ್ಖಾನೆಗಳ ಮಾಲೀಕರು ಅವನ ಹೆಸರು ಕೇಳಿದರೆ ಕೂತ ಕುರ್ಚಿಯಿಂದ ಅಷ್ಟೆತ್ತರ ಹಾರುತ್ತಿದ್ದರು. ಕಬ್ಬು ಅರೆಯಲು ಎಷ್ಟು ನೀರು ಎತ್ತಿದರು, ಕಾಕಂಬಿ ಕೊಳೆಸಿ ಎಥನಾಲ್ ಇಳಿಸುವಾಗ ಎಷ್ಟು ನೀರು ಸುರಿದರು, ಹೊಲಸು ನೀರನ್ನು ಎಷ್ಟು ಹೊರಗೆ ಬಿಟ್ಟರು ಎಂಬುದನ್ನೆಲ್ಲ ಅವನ ಮೀಟರು ಸರಕಾರಕ್ಕೆ ಚಾಡಿ ಹೇಳುತ್ತಿತ್ತು. ಸರಕಾರದ ದೊಡ್ಡ ಸಾಹೇಬರು ಬೆಳಗೆದ್ದು ಹಲ್ಲುಜ್ಜುವ ಮೊದಲು ಬಸವಲಿಂಗಪ್ಪನಿಗೆ ಫೋನು ಮಾಡಿ, "ಅಣ್ಣಾ, ಇವತ್ತು ಯಾರ್ನ ಹಿಡೀಬೇಕು?" ಎಂದು ಕೇಳುತ್ತಿದ್ದರು.

ಮೀನುಗಳ ಕತೆ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಅದರಿಂದ ಒಂದು ಕೈಚೀಲ ಇಳಿಯಿತು, ಅದರ ಹಿಂದೆ ಬಟ್ಟೆಯಲ್ಲಿ ಸುತ್ತಿ ಕೆಂಪು ದಾರ ಬಿಗಿದ ಬಾಟಲಿಯೊಂದನ್ನು ಕೂಸಿನಂತೆ ಅವಚಿಕೊಂಡು ಸುಂದರಾಬಾಯಿ ಇಳಿದಳು. ಬಸವಲಿಂಗಪ್ಪನ ಅಕ್ಕ. ತಾಯಿ ಸತ್ತ ಮೇಲೆ ಅವನಿಗೆ ಉಣಿಸಿ ತಿನಿಸಿ ದೊಡ್ಡವನನ್ನು ಮಾಡಿದವಳು. ಅವಳನ್ನು ಕಂಡ ಮೌನಪ್ಪ ನಗುತ್ತ ಕೇಳಿದ, "ಅಕ್ಕಾರ್ರೀ, ನಿಮ್ಮ ತಮ್ಮ ನದಿ ನಿಲ್ಲಸ್ತಾನಂತ. ಖರೇ ಏನ್ರಿ?"

"ನಿಲ್ಲಸ್ತಾನ್ರಿ," ಎಂದಳು ಸುಂದರಾಬಾಯಿ. ಅವಳ ಮುಖದಲ್ಲಿ ನಗು ಇರಲಿಲ್ಲ. "ಅದಕ್ಕ ಬಂದೀನಿ."

ಬಸವಲಿಂಗಪ್ಪನ ಗಂಟಲಲ್ಲಿದ್ದ ಚಹಾ ಅಲ್ಲೇ ನಿಂತಿತು, ಮಂಜೀರಾ ನದಿ ನಿಂತಂತೆ.

ಮನೆಗೆ ಬಂದವಳು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದಳು. ಚೀಲದಿಂದ ಪಂಜೆಯ ತುಂಡೊಂದನ್ನು ತೆಗೆದು, ಮಡಿಸಿ, ನಲ್ಲಿಯ ಬಾಯಿಗೆ ಕಟ್ಟಿದಳು. ಒಂದು ಕಾಲದಲ್ಲಿ ಬೆಳ್ಳಗಿದ್ದಿರಬಹುದಾದ ಆ ಬಟ್ಟೆ ಈಗ ಚಹಾದ ಬಣ್ಣಕ್ಕೆ ತಿರುಗಿತ್ತು. ಬಸವಲಿಂಗಪ್ಪನ ಹೆಂಡತಿ ಪ್ರಫುಲ್ಲಾ ಗೋಡೆಗೆ ಜಡಿದ ಫಿಲ್ಟರ್ ತೋರಿಸಿದಳು.

"ಅಕ್ಕಾರ್ರೀ, ಮಷೀನ್ ಐತ್ರಿ. ಅದರಾಗ ಸೋಸೇ ಬರ್ತೈತಿ ನೀರು."

"ಇರಲಿ ಬಿಡವ್ವ. ಮಷೀನಿಂದು ಮಷೀನಿಗೆ, ನಂದು ನನಗ. ಸೋಸದ ನೀರು ನಾ ಯಾರಿಗೂ ಕೊಟ್ಟಾಕಿ ಅಲ್ಲ."

ಅದು ಸುಳ್ಳಲ್ಲ. ಜಹೀರಾಬಾದಿನಾಚೆ, ಗಡಿಗೆ ಅಂಟಿಕೊಂಡ ಚಿಲಕವಾಡಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವಳು ಸುಂದರಾಬಾಯಿ. ಅವಳ ಬೇಳೆಸಾರಿನ ವಾಸನೆಗೆ ಪಕ್ಕದ ಜಿಲ್ಲೆಯ ಮಕ್ಕಳೂ ಪಾಟಿಚೀಲ ಹೊತ್ತು ಓಡಿಬರುತ್ತಿದ್ದರೆಂದು ಬಸವಲಿಂಗಪ್ಪ ಹೇಳುತ್ತಿದ್ದ. ಅಷ್ಟು ದೂರ ಬೇಡ. ಆ ಶಾಲೆಯ ಮಕ್ಕಳಂತೂ ಎರಡನೇ ಸಲ ತಟ್ಟೆ ಹಿಡಿದು ನಿಲ್ಲುತ್ತಿದ್ದರು.

ಊಟಕ್ಕೆ ಕೂತಾಗ ಅವಳು ಬಂದ ಕಾರಣ ಹೇಳಿದಳು.

"ಹೋದ ವಾರ ಹುಡುಗರು ಉಂಡು ಎದ್ದವರ ವಾಂತಿ ಮಾಡ್ಕೊಂಡ್ರು. ಒಬ್ಬಾಕಿನ್ನ ದವಾಖಾನಿಗೆ ಒಯ್ದ್ರು. ಆರಾಮ ಆಗ್ಯಾಳ, ದೇವರು ದೊಡ್ಡವ. ಆದ್ರ ಊರವರು ಏನಂದ್ರು ಗೊತ್ತೇನು ಬಸ್ಯಾ? ಅಡಗಿಯಾಕಿ ಕೈ ಹೊಲಸು ಅಂದ್ರು." ಅವಳು ಎಡಗೈಯನ್ನು ತಿರುವಿ ಅಂಗೈ ನೋಡಿಕೊಂಡಳು. "ಈ ಕೈ. ಹೊಲಸಂತ."

"ಯಾಂವಂದಾಂವ? ಹೆಸರು ಹೇಳು. ನಾಳೆ ಮುಂಜಾನೆ ಅವನ ಮನಿ ನಲ್ಲಿ ಬಂದ್ ಮಾಡಸ್ತೀನಿ."

"ಹೆಸರು ಬ್ಯಾಡ. ಬಾವಿ ನೀರು ಕೆಟ್ಟೈತಿ. ಊರ ಹತ್ರದ ಸಕ್ಕರಿ ಕಾರ್ಖಾನಿಯವರು ಎಥನಾಲ್ ಇಳಿಸಿದ ಮ್ಯಾಲ ಉಳೀತೈತಲ್ಲ, ಆ ಕರೀ ನೀರು, ಅದನ್ನ ಟ್ಯಾಂಕರ್ ತುಂಬಿ ತುಂಬಿ ಶಾಲಿ ಹಿಂದಿನ ಹಳ್ಳಕ್ಕ ಸುರೀತಾರ. ಕೇಳಿದ್ರ ಕಬ್ಬಿಗೆ ಗೊಬ್ಬರ ಅಂತಾರ. ಸರಪಂಚನ ಮಗನ ಟ್ಯಾಂಕರ್ ಹೊಡೀತಾನ, ಹಂಗಾಗಿ ಊರಾಗ ಯಾರಿಗೂ ಬಾಯಿಲ್ಲ."

"ಹೊರಗ ಒಂದು ಹನಿ ಬಿಡಬಾರದು ಅಂತ ಕಾಯ್ದೆ ಐತಲ್ಲ."

"ಐತಿ. ಪೈಪಿನ ಬಾಯಾಗ ನಿನ್ನ ಮೀಟರ್ ಕುಂತೈತಿ. ನಿಮ್ಮ ಕಂಪನಿ ಹೆಸರು ಬರ್ದೈತಿ, ನೀನ ಫೋಟೋ ನೋಡಿ ನಂದ ಮಾಲು ಅಂದಿದ್ದಿ. ನಾ ದಸರಾ ಖಂಡೇಪೂಜಿ ದಿನ ವಾಚ್‌ಮನ್ನಗ ಕೈ ಮುಗುದು ಒಳಗ ಹೋಗಿ ಅದಕ್ಕ ಕುಂಕುಮ ಹಚ್ಚಿ ಬಂದೀನಿ, ನನ್ನ ತಮ್ಮನ ಕೈಯಾಗಿಂದು ಅಂತ." ಅವಳು ತುತ್ತು ಕೆಳಗಿಟ್ಟಳು. "ಆ ಮೀಟರ್ ಏನು ಹೇಳ್ತೈತಂತ ಗೊತ್ತೇನು? ಒಂದು ಹನಿ ಹೊರಗ ಬಂದಿಲ್ಲ ಅಂತ. ಹೆಡ್‌ಮಾಸ್ತರು ಅಂದ್ರು, ಮೀಟರ್ ಸುಳ್ಳು ಹೇಳ್ತೈತೇನು, ನಿನ್ನ ಕೈಯ ಸುಳ್ಳು ಅಂತ. ಬಸ್ಯಾ, ನೀ ಆ ಮೀಟರಿಗೆ ಸ್ವಲ್ಪ ಬುದ್ಧಿ ಹೇಳಪ್ಪ."

ಪ್ರಫುಲ್ಲಾ ಗಂಡನ ಮುಖ ನೋಡಿದಳು. ಗಂಡ ಹಪ್ಪಳ ಮುರಿದ.

"ಸೋಮವಾರ ಶಾಲಿ ಕಮಿಟಿ ಕೂಡ್ತೈತಿ," ಎಂದಳು ಸುಂದರಾಬಾಯಿ. "ನೀರು ಕೆಟ್ಟೈತಿ ಅಂತ ಸರಕಾರದವರು ಬಾಯಿಬಿಟ್ಟು ಹೇಳಿದ್ರ ನಾ ಉಳದೆ. ಇಲ್ಲಾಂದ್ರ ಬ್ಯಾರೆ ಹೆಣ್ಮಗಳನ್ನ ಇಡ್ತಾರ. ಕೆಲಸ ಹೋದ್ರ ಹೋಗ್ಲಿ. ಹೊಲಸು ಕೈ ಅನ್ನೂ ಮಾತು ಹೋಗಬೇಕು. ಬಾವಿ ನೀರು ತಂದೀನಿ. ನಿನ್ನ ದೊಡ್ಡ ಸಾಹೇಬರ ಮುಂದ ಇಡು."

ಈಗ ಒಂದು ಕ್ಷಣ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಸವಲಿಂಗಪ್ಪನ ನಾಲಗೆ ಅವನ ಮಾತು ಎಂದೂ ಕೇಳಿದ್ದಲ್ಲ.

"ಇಷ್ಟ ಏನು?" ಎಂದ. "ನಾನು ಏನೋ ದೊಡ್ಡದು ಅಂದ್ಕೊಂಡಿದ್ದೆ. ನಾಳೆ ಹೋಗ್ತೀನಿ, ಮ್ಯಾಜಿನ ಮ್ಯಾಲ ಬಾಟ್ಲಿ ಕುಕ್ಕತೀನಿ, ಏನ್ ನಡಸೀರಿ ಅಂತ ಕೇಳ್ತೀನಿ."

"ನಾನೂ ಬರ್ತೀನಿ."

"ನೀ ಯಾಕ? ಅಲ್ಲಿ ಮುಗಿಲೆತ್ತರ ಜೀನಾ ಹತ್ತಬೇಕು, ನಿನ್ನ ಮೊಣಕಾಲಿಗೆ ಆಗೂದಿಲ್ಲ. ಮತ್ತ ಸಾಹೇಬರು ನನ್ನ ಕಂಡ್ರ ಎದ್ದು ನಿಲ್ತಾರ, ನಿನ್ನ ಎದುರಿಗೆ ಅವರಿಗೆ ನಾಚಿಕಿ ಆಗ್ತೈತಿ."

ಸುಂದರಾಬಾಯಿ ಅದನ್ನೂ ನಂಬಿದಳು. ಬೆಳಿಗ್ಗೆ ಬಾಟಲಿಯನ್ನು ಅವನ ಕೈಗಿಡುವಾಗ, "ಸಾಹೇಬರ ಮುಂದನ ಗಂಟು ಬಿಚ್ಚು" ಎಂದಳು. ಪ್ರಫುಲ್ಲಾ ಚೀಲದಲ್ಲಿ ಬುತ್ತಿಯ ಡಬ್ಬಿ ಇಟ್ಟಳು.

ಬಸ್ಸಿನಲ್ಲಿ ಅರ್ಧ ತೆಲಂಗಾಣ ನಿಂತಿತ್ತು, ಉಳಿದರ್ಧ ಬಸವಲಿಂಗಪ್ಪನ ಕಾಲಿನ ಮೇಲೆ. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಬೇಗಂಪೇಟೆಯಲ್ಲಿ ಇಳಿಯುವವರೆಗೆ ಅವನು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿದ. ಅದನ್ನು ಕೇಳಿದ್ದರೆ ಕಾರ್ಖಾನೆಯ ಚಿಮಣಿ ತಾನಾಗಿ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ಕಾರ್ಖಾನೆಗಳ ನೀರು ನೋಡಿಕೊಳ್ಳುವ ಆ ಕಚೇರಿಯ ಗೇಟಿನಲ್ಲಿ ಕಾವಲುಗಾರ ಕುರ್ಚಿಯಿಂದ ಏಳದೆ ಏನು ಬೇಕೆಂದು ಕೇಳಿದ, "ಏಂ ಕಾವಾಲಿ?"

ಭಾಷಣವೆಲ್ಲ ಚಪ್ಪಲಿಯೊಳಗೆ ಇಳಿದುಹೋಯಿತು. "ಮೀಟರ್ ಕಂಪನಿ ನುಂಚಿ ವಚ್ಚಾನು," ಎಂದ ಬಸವಲಿಂಗಪ್ಪ. ಮೀಟರ್ ಕಂಪನಿಯಿಂದ ಬಂದಿದ್ದೇನೆ.

"ಡೆಲಿವರೀನಾ? ಲೋಪಲ ಪೆಟ್ಟೇಯ್." ಸಾಮಾನು ತಂದವನಾದರೆ ಒಳಗಿಟ್ಟು ಹೋಗು ಎಂದು ಕಾವಲುಗಾರ ಗೇಟು ತೆರೆದ.

ಮುಗಿಲೆತ್ತರದ ಜೀನಾ ಒಂದೇ ಮಹಡಿಯದಾಗಿತ್ತು. ಬೆಂಚಿನ ಮೇಲೆ ಕೂತ ಬಸವಲಿಂಗಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಜನ ಬಂದರು, ಹೋದರು. ದೊಡ್ಡ ಸಾಹೇಬರು ಯಾರು ಎಂದು ಕೇಳಿದರೆ, ಅವರು ಮೀಟಿಂಗಿನಲ್ಲಿದ್ದಾರೆ ಎಂದರು. ಚಿಕ್ಕ ಸಾಹೇಬರು? ಅವರೂ ಅದೇ ಮೀಟಿಂಗಿನಲ್ಲಿದ್ದರು. ಕಡೆಗೆ ಊಟದ ಹೊತ್ತಿಗೆ, ಮೂಲೆಯ ಮೇಜಿನಲ್ಲಿ ಮೊಸರನ್ನ ತಿನ್ನುತ್ತಿದ್ದ ತರುಣಿಯೊಬ್ಬಳು ಅವನನ್ನು ಕರೆದಳು. ಮಗಳ ವಯಸ್ಸಿನ ಅಧಿಕಾರಿ. ಡಬ್ಬಿಯ ಮುಚ್ಚಳ ಹಾಕಿ, ಬೆರಳು ಒರೆಸಿಕೊಂಡು, "ಹೇಳಿ ಅಂಕಲ್" ಎಂದಳು ಹಿಂದಿಯಲ್ಲಿ.

ಅವನು ಹೇಳಿದ. ವಿಚಿತ್ರವೆಂದರೆ, ಒಂದು ಮಾತನ್ನೂ ದೊಡ್ಡದು ಮಾಡದೆ ಹೇಳಿದ. ಟ್ಯಾಂಕರು, ಹಳ್ಳ, ಬಾವಿ, ಮಕ್ಕಳು, ಅಕ್ಕ.

ಅವಳು ಕಾರ್ಖಾನೆಯ ಹೆಸರು ಕೇಳಿ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಪರದೆಯನ್ನು ಅವನ ಕಡೆ ತಿರುಗಿಸಿದಳು. ಪೈಪಿನ ಮೀಟರಿನ ಅಂಕಿ ಸೊನ್ನೆ. ನಿನ್ನೆಯೂ ಸೊನ್ನೆ, ಮೊನ್ನೆಯೂ ಸೊನ್ನೆ. "ಕ್ಯಾಮೆರಾನೂ ಇದೆ, ನೋಡಿ" ಎಂದು ಇನ್ನೊಂದು ಗುಂಡಿ ಒತ್ತಿದಳು.

ಚಿಲಕವಾಡಿ ಬೇಗಂಪೇಟೆಗೆ ಬಂದು ನಿಂತಿತು. ಒಣಗಿದ ಪೈಪಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಅದರ ಮೇಲೆ ನೀಲಿ ಡಬ್ಬಿ. ಡಬ್ಬಿಯ ಮೇಲೆ ಕಂಪನಿಯ ಹೆಸರಿನ ಚೀಟಿ, ಬಲಕ್ಕೆ ಸ್ವಲ್ಪ ವಾಲಿ ಅಂಟಿತ್ತು. ಆ ವಾಲುವಿಕೆ ಬಸವಲಿಂಗಪ್ಪನಿಗೆ ತನ್ನ ಸಹಿಯಷ್ಟೇ ಪರಿಚಿತ. ಚೀಟಿ ಸೊಟ್ಟಗೆ ಅಂಟಿಸುತ್ತೀಯೆಂದು ಮಾಲೀಕ ಎಷ್ಟು ಸಲ ಬೈದಿದ್ದನೋ. ಇಡೀ ಕಂಪನಿಯಲ್ಲಿ ಅವನು ಮಾಡುತ್ತಿದ್ದುದು ಅಷ್ಟೇ: ತಯಾರಾದ ಮೀಟರಿಗೆ ಚೀಟಿ ಅಂಟಿಸಿ, ಥರ್ಮಾಕೋಲಿನ ಪೆಟ್ಟಿಗೆಗೆ ಹಾಕುವುದು. ಆ ಸೊಟ್ಟ ಚೀಟಿಯ ನೆತ್ತಿಯ ಮೇಲೆ, ಬಿಸಿಲಿಗೆ ಬೆಳ್ಳಗಾಗುತ್ತ ಬಂದ ಕುಂಕುಮದ ಬೊಟ್ಟೊಂದು ಇತ್ತು.

"ಅದೇನು ಕೆಂಪು?" ಎಂದಳು ಅಧಿಕಾರಿ, ಕಣ್ಣು ಕಿರಿದು ಮಾಡಿ. "ತುಕ್ಕಾ?"

"ಇರಬಹುದಮ್ಮಾ," ಎಂದ ಬಸವಲಿಂಗಪ್ಪ.

ಮೀಟರು ಸುಳ್ಳು ಹೇಳುತ್ತಿರಲಿಲ್ಲ. ತಾನು ಕೂತ ಪೈಪಿನ ಮಟ್ಟಿಗೆ ಅದು ಹರಿಶ್ಚಂದ್ರ. ಟ್ಯಾಂಕರು ಗೇಟಿನಿಂದ ಹೋದರೆ ಪೈಪಿಗೇನು ಗೊತ್ತು?

"ನೀರು ತಂದೀನಿ," ಎಂದು ಅವನು ಕೆಂಪು ದಾರ ಬಿಚ್ಚಿದ, ಬಟ್ಟೆ ಸುಲಿದ, ಬಾಟಲಿ ಮೇಜಿನ ಮೇಲಿಟ್ಟ. ಕುಕ್ಕಲಿಲ್ಲ, ಮೆಲ್ಲಗೇ ಇಟ್ಟ. ಇಟ್ಟವನು ನೋಡುತ್ತಲೇ ಉಳಿದ.

ನೀರು ತಿಳಿಯಾಗಿತ್ತು. ಅದರ ಮೂಲಕ ಅಧಿಕಾರಿಯ ಊಟದ ಡಬ್ಬಿ, ಡಬ್ಬಿಯ ಮೇಲಿನ ಹೂವಿನ ಚಿತ್ರ, ಹೂವಿನ ದಳ ಎಲ್ಲ ಕಾಣುತ್ತಿತ್ತು.

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಸರವಿಲ್ಲದೆ, ನಿಜವಾಗಿ ನೋಡಿದಳು. "ನೀರು ಚೆನ್ನಾಗಿಯೇ ಇದೆಯಲ್ಲ ಅಂಕಲ್."

ಬಸವಲಿಂಗಪ್ಪನಿಗೆ ನಲ್ಲಿಗೆ ಕಟ್ಟಿದ ಆ ಚಹಾ ಬಣ್ಣದ ಬಟ್ಟೆ ಕಣ್ಣಮುಂದೆ ಬಂತು. ಮುಚ್ಚಳ ತೆಗೆದು ಮೂಸಿದ. ಸುಟ್ಟ ಬೆಲ್ಲದಂಥ ಎಳೆ ವಾಸನೆ. "ವಾಸನೆ ನೋಡಮ್ಮಾ" ಎಂದ. ಅವಳು ಮೂಸಿದಳು. "ಇದೆ ಅನ್ನಿಸುತ್ತೆ" ಎಂದಳು, ಅವನಿಗಾಗಿ ಎಂಬಂತೆ. ಆಮೇಲೆ ಬಾಟಲಿಯನ್ನು ಅವನ ಕಡೆ ಸರಿಸಿ ಹೇಳಿದಳು: ಇದು ಕಪ್ಪಗಿದ್ದಿದ್ದರೂ ನಾನು ತೆಗೆದುಕೊಳ್ಳುವಂತಿರಲಿಲ್ಲ. ನೀರನ್ನು ನಮ್ಮವರೇ ಹೋಗಿ ತುಂಬಬೇಕು, ಅಲ್ಲೇ ಮೊಹರು ಹಾಕಬೇಕು. ಹೊರಗಿನವರು ತಂದ ನೀರು ಯಾವ ಬಾವಿಯದೆಂದು ಯಾರು ಹೇಳಬಲ್ಲರು?

"ನಿಮ್ಮವರು ಯಾವಾಗ ಹೋಗ್ತಾರಮ್ಮಾ?"

"ಆ ಕಡೆಗೆಲ್ಲ ಇರುವವನು ಒಬ್ಬನೇ. ಅವನಿಗೆ ಗಾಡಿ ಇಲ್ಲ. ಹೋದರೂ ಅದೇ ಹೊತ್ತಿಗೆ ಟ್ಯಾಂಕರ್ ಕಾಣಿಸಬೇಕಲ್ಲ." ಅವಳು ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. "ಇಲ್ಲಿ ಎಲ್ಲಾ ಸರಿ ಇದೆ ಅಂತ ತೋರಿಸ್ತಿದೆ ಅಂಕಲ್. ಸರಿ ಇರೋದನ್ನ ತಪ್ಪು ಅಂತ ನಾನು ಹೇಗೆ ಬರೀಲಿ?" ದೊಡ್ಡವರನ್ನು ಖಾಲಿ ಕೈಯಲ್ಲಿ ಕಳಿಸುವ ಸಂಕೋಚ ಅವಳ ಮುಖದಲ್ಲಿತ್ತು. ಮೊಸರನ್ನದ ಡಬ್ಬಿ ಮತ್ತೆ ತೆರೆಯಲೋ ಬೇಡವೋ ಎಂದು ಕೈ ಅದರ ಮೇಲೇ ಇತ್ತು.

ಬೇಗಂಪೇಟೆ ಸ್ಟೇಶನ್ನಿನ ಹೊರಗೆ ಬಸವಲಿಂಗಪ್ಪ ಹಾಲಿಲ್ಲದ ಚಹಾ ತೆಗೆದುಕೊಂಡ. ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಚಹಾ. ಲೋಕದ ಅತಿ ದೊಡ್ಡ ಉಪಾಯಗಳೆಲ್ಲ ಹುಟ್ಟುವುದು ಇಂಥ ಹೊತ್ತಿನಲ್ಲೇ. ಅರ್ಧ ಲೋಟ ಕರೀ ಚಹಾ ಬಾಟಲಿಗೆ ಸುರಿದರೆ? ಚಿಲಕವಾಡಿಯ ಬಾವಿ ಹೇಗಿತ್ತೋ ಹಾಗೇ ಆಗುತ್ತದೆ. ಸುಳ್ಳಿನಿಂದ ನಿಜದ ಬಣ್ಣ ಬರುತ್ತದೆ. ಅವನು ಮುಚ್ಚಳವನ್ನೂ ತಿರುವಿದ. ಆಮೇಲೆ, ಕಪ್ಪಗಿದ್ದರೂ ತೆಗೆದುಕೊಳ್ಳುವುದಿಲ್ಲವೆಂದು ಆ ಹುಡುಗಿ ಹೇಳಿದ್ದು ನೆನಪಾಯಿತು. ಮುಚ್ಚಳ ಬಿಗಿದು ಚಹಾವನ್ನು ತಾನೇ ಕುಡಿದ. ಬುತ್ತಿ ಬಿಚ್ಚಲಿಲ್ಲ. ಬಾಟಲಿಯನ್ನು ಚೀಲದ ತಳಕ್ಕೆ ಹಾಕಿ, ಅದರ ಮೇಲೆ ಬುತ್ತಿಯ ಡಬ್ಬಿ ಒತ್ತಿದ. ದಾರಿಯ ಯಾವುದಾದರೂ ಬಸ್‌ಸ್ಟಾಪಿನ ಕಸದ ಡಬ್ಬಿಯಲ್ಲಿ ಎಸೆಯುವ ಯೋಚನೆಯಿತ್ತು. ಆದರೆ ಅಕ್ಕ ಮಡಿಲಲ್ಲಿಟ್ಟು ತಂದ ನೀರು. ಎಸೆಯಲು ಪ್ರತಿ ಸ್ಟಾಪಿನಲ್ಲೂ ಚೀಲದೊಳಗೆ ಕೈ ಹಾಕಿದ, ಪ್ರತಿ ಸ್ಟಾಪಿನಲ್ಲೂ ಕೈ ಬರಿದಾಗಿ ಹೊರಬಂತು.

ಮೆಟ್ಟಿಲು ಹತ್ತುವಾಗ ಇವತ್ತು ನಿಜ ಹೇಳಿಬಿಡಬೇಕೆಂದೇ ನಿರ್ಧರಿಸಿದ್ದ. ಬಾಗಿಲು ತೆರೆದವಳು ಸುಂದರಾಬಾಯಿ.

"ಎದ್ದು ನಿಂತ್ರೇನು ಸಾಹೇಬರು?" ಎಂದಳು.

ಆ ಮುಖ ನೋಡಿದ ಮೇಲೆ ನಾಲಗೆಯದೇ ಕಾರುಬಾರು.

"ನಿಂತ್ರೇನಂತಿ? ಕುರ್ಚಿ ಬಿದ್ದು ಹೋತು! ಆನೆಯಂಥ ಆಳು, ಮೀಸಿ ಅಂದ್ರ ಈಟೀಟು. ಬಾಟ್ಲಿ ನೋಡಿದ್ದ ನೋಡಿದ್ದು, ಕಣ್ಣಾಗ ನೀರು ಬಂತು. ಇದನ್ನ ಮಕ್ಕಳು ಕುಡೀತಾರೇನು ಬಸವಲಿಂಗಪ್ಪಾ, ನಾ ಇದ್ದೂ ಸತ್ತಂಗ ಅಂದ್ರು. ಗಂಟಿ ಬಾರಿಸಿದ್ರು. ನಾಕು ಮಂದಿ ಓಡಿ ಬಂದ್ರು. ಬಾಟ್ಲೀನ ಕೆಂಪು ದೀಪದ ಗಾಡ್ಯಾಗ ಕುಂಡ್ರಿಸಿ ಲ್ಯಾಬಿಗೆ ಕಳಿಸಿದ್ರು."

"ಮತ್ತ ಸೋಮವಾರ?"

"ಸೋಮವಾರ ಮುಂಜಾನೆ ಜೀಪ್ ಬರ್ತೈತಿ ಊರಿಗೆ. ಒಂದಲ್ಲ. ಮೂರು."

ಸುಂದರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಮ್ಮನ ಕೆನ್ನೆ ಸವರಿ, ಬೆರಳು ತನ್ನ ಹಣೆಗೆ ಒತ್ತಿ ಲಟಕ್ಕನೆ ನೆಟಿಗೆ ಮುರಿದಳು. ಅವನು ಬೇಡ ಎನ್ನುವ ಮೊದಲೇ ಫೋನು ಕೈಗೆತ್ತಿಕೊಂಡಿದ್ದಳು.

"ಮಾಸ್ತರ್ರೀ, ನಾನು ಸುಂದರಾಬಾಯಿ. ಹೈದರಾಬಾದಿನಿಂದ. ನನ್ನ ತಮ್ಮ ಕೆಲಸ ಮುಗಿಸಿ ಬಂದಾನ್ರಿ. ಸೋಮವಾರ ಮೂರು ಜೀಪ್ ಬರ್ತಾವ್ರಿ. ಕಮಿಟಿಯವರಿಗೆಲ್ಲ ಹೇಳ್ರಿ. ಬಾವಿ ಹತ್ರನ ಕೂಡ್ರಿ ಅಂತ ಹೇಳ್ರಿ."

ಫೋನಿನಿಂದ ಮಾಸ್ತರರ ದನಿ ಕೋಣೆಗೆಲ್ಲ ಕೇಳಿತು. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. "ಹೌದೇನ್ರಿ ಸುಂದರಾಬಾಯಿ? ಆಗ್ಲಿ, ಆಗ್ಲಿ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ, ಜನ ಅಂದ್ರ ಏನಾರ ಅಂತಾರ. ಸೋಮವಾರ ಅಡಗೀಗೂ ನೀವ ಬರ್ರಿ."

ಫೋನಿಟ್ಟವಳು ಹಗುರಾಗಿ ಕಂಡಳು. ಎರಡೂ ಕೈಗಳನ್ನು ತೊಡೆಯ ಮೇಲೆ, ಅಂಗೈ ಮೇಲೆ ಮಾಡಿ ಇಟ್ಟುಕೊಂಡು ಕೂತಳು. "ಬ್ಯಾಳಿ ನೆನಿಹಾಕಬೇಕು ಹೋದಕೂಡ್ಲೆ," ಎಂದಳು ತನಗೆ ತಾನೇ.

ಅಡುಗೆಮನೆಯ ಬಾಗಿಲಲ್ಲಿ ಪ್ರಫುಲ್ಲಾ ನಿಂತಿದ್ದಳು. ತೊಳೆಯಲು ಬುತ್ತಿಯ ಡಬ್ಬಿ ತೆಗೆದಿದ್ದಳು. ಅವಳ ಇನ್ನೊಂದು ಕೈಯಲ್ಲಿ ಬಾಟಲಿ ಇತ್ತು, ಅದರ ಕೊರಳಿಗೆ ಕೆಂಪು ದಾರ ಜೋತುಬಿದ್ದಿತ್ತು.

"ಡಬ್ಬಿ ಬಿಚ್ಚೇ ಇಲ್ಲಲ್ರೀ," ಎಂದಳು ಮೊದಲು. ಆಮೇಲೆ, "ಇದು?"

ಬಸವಲಿಂಗಪ್ಪ ಎದ್ದ. "ಅದು ಸಾಹೇಬರು ಅರ್ಧ ಇಟ್ಕೊಂಡು, ಉಳಿದಿದ್ದು ಪ್ರಸಾದ ಅಂತ..." ಎಂದು ಶುರುಮಾಡಿದ. ಬಾಟಲಿ ಕಂಠದವರೆಗೆ ತುಂಬಿತ್ತು. ಜೀವಮಾನದಲ್ಲಿ ಮೊದಲ ಸಲ ಅವನ ನಾಲಗೆ ನಡುದಾರಿಯಲ್ಲಿ ಕೈಬಿಟ್ಟಿತು. ಅವನು ಕೂತ, ಕುರ್ಚಿಯ ಮೇಲಲ್ಲ, ನೆಲದ ಮೇಲೆ, ಅಕ್ಕನ ಕಾಲ ಹತ್ತಿರ.

"ಅಕ್ಕಾ, ಜೀಪ್ ಬರೂದಿಲ್ಲ."

"ಒಂದೂ?"

"ಒಂದೂ ಇಲ್ಲ. ಸಾಹೇಬರನ್ನ ನಾ ಕಂಡ ಇಲ್ಲ. ಇವತ್ತೂ ಕಂಡಿಲ್ಲ, ಎಂದೂ ಕಂಡಿಲ್ಲ. ಸಾಮಾನು ತಂದಾನಂತ ಒಳಗ ಬಿಟ್ರು." ಅವನು ನೆಲದ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತಿದ್ದ. "ಮೀಟರ್ ನಾ ಮಾಡೂದಿಲ್ಲಕ್ಕಾ. ಅದರ ಮ್ಯಾಲಿನ ಚೀಟಿ ಹಚ್ಚತೀನಿ. ಅಷ್ಟ. ಅದನ್ನೂ ಸೊಟ್ಟ ಹಚ್ಚತೀನಿ."

ಸುಂದರಾಬಾಯಿ ಕೇಳಿದ್ದು ಬೇರೆಯೇ.

"ನೀರು ಯಾಕ ತಗೊಳ್ಳಿಲ್ಲ?"

"ಬಿಡಕ್ಕಾ."

"ಯಾಕ ತಗೊಳ್ಳಿಲ್ಲಂತ ಹೇಳು."

"ತಿಳಿ ಇತ್ತು," ಎಂದ. "ನೀ ಸೋಸಿದ್ದಿ."

ಅವಳು ಪ್ರಫುಲ್ಲಾಳ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಿದಳು, ಅದನ್ನು ಮೊದಲ ಸಲ ಕಾಣುತ್ತಿರುವವಳಂತೆ. "ದೊಡ್ಡವರ ಮುಂದ ಇಡೂದು," ಎಂದಳು. "ಹೊಲಸು ಹಂಗ ಹ್ಯಾಂಗ ಕಳಸ್ಲಿ? ನಾಕು ಪದರ ಮಾಡಿ ಸೋಸಿದೆ. ರಾಡಿ ತಳಕ್ಕ ಕೂಡ್ಲೆಂತ ಪಟಕದ ಕಲ್ಲು ತಿರುವಿ ರಾತ್ರಿಯೆಲ್ಲ ಇಟ್ಟು, ಮ್ಯಾಲಿಂದ ತಿಳಿ ಬಸದೆ." ಕೈ ತಾನಾಗಿ ಗಾಳಿಯಲ್ಲಿ ಪಾತ್ರೆ ಬಗ್ಗಿಸುವಂತೆ ಓರೆಯಾಗಿ, ಅಲ್ಲೇ ನಿಂತಿತು. "ಸೋಸದ ತರ್ತೀನಿ ಹಂಗಾರ. ನಾಳೇನ ಹೋಗಿ ತರ್ತೀನಿ."

"ಅದನ್ನೂ ತಗೊಳ್ಳೂದಿಲ್ಲಕ್ಕಾ."

ಫೋನು ಗುಣುಗುಟ್ಟಿತು. ಮಾಸ್ತರರೇ. ಜೀಪು ಯಾವ ದಾರಿಯಿಂದ ಬರುತ್ತದೆ, ಹಳ್ಳದ ಕಡೆಯಿಂದಲೋ ಊರ ಮುಂದಿನಿಂದಲೋ ಎಂದು ಕೇಳಲಿಕ್ಕಿರಬೇಕು. ಸುಂದರಾಬಾಯಿ ಫೋನನ್ನು ತಮ್ಮನ ಕೈಗೆ ಕೊಟ್ಟಳು. "ನೀನ ಹೇಳು."

"ಏನಂತ ಹೇಳ್ಲಿ?"

"ಇದ್ದದ್ದು."

ಅವಳು ಎದ್ದು ಅಡುಗೆಮನೆಗೆ ಹೋದಳು. "ಮಾಸ್ತರ್ರೀ, ನಾ ಅವರ ತಮ್ಮ ಮಾತಾಡಾಕತ್ತೀನ್ರಿ," ಎಂದು ಬಸವಲಿಂಗಪ್ಪ ಹೇಳುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. "ಕುಷಾಯಿಗೂಡದಾಗ ಒಂದು ಕಂಪನ್ಯಾಗ ಡಬ್ಬಿ ಕಟ್ಟೂ ಕೆಲಸ ಮಾಡ್ತೀನ್ರಿ..."

ಸುಂದರಾಬಾಯಿ ನಲ್ಲಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿದಳು. ಹಿಂಡಿದಳು. ಬರೀ ನಲ್ಲಿಯ ಕೆಳಗೆ ಕೊಡ ಇಟ್ಟು ತಿರುವಿದಳು. ನೀರು ಕೊಡದ ತಳಕ್ಕೆ ನೇರವಾಗಿ ಬೀಳತೊಡಗಿತು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಅವಳು ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.